ಆರ್ಲೀನ್ ಕಾಲೇಜು ಬಿಟ್ಟ ವರ್ಷ

ಕಳೆದ ದೀಪಾವಳಿಗೆ ಮೇರಿಲ್ಯಾಂಡಿನ ಕೊಲಂಬಿಯಾದ ನಮ್ಮ ಕನ್ನಡದವರಿಗೆ ಸರಿಯಾದ ಸಭಾಂಗಣ ಸಿಗಲಿಲ್ಲ. ಕೊನೆಗೆ ಒಂದು ಶಾಲೆಯ ಜಿಮ್, ಅಂದರೆ ಒಳಾಂಗಣ ಬಾಸ್ಕೆಟ್‌ಬಾಲ್ ಅಂಗಳ, ಬಾಡಿಗೆಗೆ ಹಿಡಿದರು. ಮರದ ನೆಲಕ್ಕೆ ಆ ವಾರವಷ್ಟೇ ಪಾಲಿಶ್ ಹಾಕಿದ್ದಾರೆ, ಬೂಟು ಹೊರಗೆ ಬಿಡಿ ಎಂದು ಬಾಗಿಲಿಗೆ ಬರೆದು ಅಂಟಿಸಿದ್ದರು. ನಮ್ಮವರಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮಕ್ಕಳು ಕಾಲುಚೀಲದಲ್ಲಿ ಜಾರಾಡುತ್ತಿದ್ದವು. ಒಂದು ಬಾಸ್ಕೆಟ್ಟಿನ ಕೆಳಗೆ ರಂಗೋಲಿ, ಎದುರಿನ ಬಾಸ್ಕೆಟ್ಟಿನ ಕೆಳಗೆ ಪುಳಿಯೋಗರೆಯ ಟ್ರೇಗಳು. ಎಲ್ಲರೂ ಒಗ್ಗರಣೆಯ ಘಮವನ್ನು ಹೊಗಳುತ್ತಿದ್ದರೆ ನನ್ನ ಮೂಗಿಗೆ ಹತ್ತಿದ್ದು ಪಾಲಿಶ್ ವಾಸನೆ. ನನ್ನ ಮಟ್ಟಿಗೆ ಅದು ಒಂದೇ ಒಂದು ವಸಂತದ ವಾಸನೆ. ಅಟ್ಲಾಂಟಾದಲ್ಲಿ ಒಲಿಂಪಿಕ್ಸ್ ನಡೆದ ಮರುವರ್ಷ, ನಾವು ಉತ್ತರ ಕೆರೊಲಿನಾದ ಡರ್ಹಮ್‌ನಲ್ಲಿದ್ದಾಗ, ಕೋಚ್ ಆರ್ಲೀನ್ ಕಾಲೇಜು ಬಿಟ್ಟು ವೃತ್ತಿಪರ ಲೀಗಿಗೆ ಹೋದ ವರ್ಷ.

ನಾನು ಮೈಸೂರಿನವಳು. ಕಾಲೇಜಿಗೂ ಆಮೇಲೆ ವಿಶ್ವವಿದ್ಯಾಲಯಕ್ಕೂ ಬಾಸ್ಕೆಟ್‌ಬಾಲ್ ಆಡಿದ್ದೆ, ಸಿಮೆಂಟು ನೆಲದ ಮೇಲೆ, ಮಂಡಿ ತರಚಿಕೊಂಡು. ಮದುವೆಯಾಗಿ ಡರ್ಹಮ್‌ಗೆ ಬಂದಾಗ ಗಂಡ ಮೋಹನನಿಗೆ ಔಷಧ ಕಂಪನಿಯ ಲ್ಯಾಬಿನಲ್ಲಿ ಕೆಲಸ. ನನ್ನದು ಡಿಪೆಂಡೆಂಟ್ ವೀಸಾ. ಅಂದರೆ ಉಸಿರಾಡಬಹುದು, ಸಂಬಳ ತೆಗೆದುಕೊಳ್ಳುವ ಹಾಗಿಲ್ಲ. ಮೊದಲ ಚಳಿಗಾಲ ಕಿಟಕಿ ನೋಡುತ್ತ ಕಳೆದೆ. ಎರಡನೆಯದರಲ್ಲಿ ಊರಾಚೆಯ ಒಂದು ಚಿಕ್ಕ ಕಾಲೇಜಿಗೆ ಹೋಗಿ, ನಿಮ್ಮ ಜಿಮ್ಮಿನಲ್ಲಿ ಆಡಬಹುದೇ ಎಂದು ಕೇಳಿದೆ. ಟಿ.ವಿ.ಯಲ್ಲಿ ಬರುವ ದೊಡ್ಡ ವಿಶ್ವವಿದ್ಯಾಲಯವಲ್ಲ ಅದು. ಅದರ ಹೆಸರು ಪಕ್ಕದ ಊರಿನವರಿಗೂ ಸರಿಯಾಗಿ ಗೊತ್ತಿರಲಿಲ್ಲ. ಅಲ್ಲಿನ ಹುಡುಗಿಯರ ತಂಡದ ಕೋಚ್ ಆರ್ಲೀನ್ ನಾನು ಬಾಲ್ ಎಸೆಯುವುದನ್ನು ಸ್ವಲ್ಪ ಹೊತ್ತು ನೋಡಿ, "ಆಟ ಹೋಯ್ತು ನಿಂದು. ವಿ.ಸಿ.ಆರ್. ನಡೆಸೋಕೆ ಬರುತ್ತಾ?" ಎಂದು ಕೇಳಿದರು.

ಹಾಗೆ ನಾನು ಟೇಪು ಕತ್ತರಿಸುವವಳಾದೆ. ಆಗೆಲ್ಲ ಎದುರಾಳಿ ತಂಡಗಳ ಆಟ ವಿ.ಎಚ್.ಎಸ್. ಕ್ಯಾಸೆಟ್ಟಿನಲ್ಲಿ ಬರುತ್ತಿತ್ತು. ಜಿಮ್ಮಿನ ಹಿಂದೆ, ಚೆಂಡುಗಳನ್ನು ಇಡುವ ಕೋಣೆಯಲ್ಲಿ ಎರಡು ವಿ.ಸಿ.ಆರ್. ಒಂದಕ್ಕೊಂದು ಜೋಡಿಸಿಟ್ಟಿದ್ದರು. ಒಂದರಲ್ಲಿ ಇಡೀ ಆಟ ಓಡಿಸುವುದು, ಬೇಕಾದ ತುಣುಕು ಬಂದಾಗ ಇನ್ನೊಂದರಲ್ಲಿ ಹಿಡಿಯುವುದು. ಈ ಹುಡುಗಿ ಯಾವಾಗಲೂ ಎಡಕ್ಕೇ ತಿರುಗುತ್ತಾಳೆ, ಆ ಎತ್ತರದವಳಿಗೆ ಸುಸ್ತಾದರೆ ಕೈ ಸೊಂಟಕ್ಕೆ ಹೋಗುತ್ತದೆ, ಇಂಥವು. ಹೆಚ್ಚುಕಡಿಮೆ ಮದುವೆ ವಿಡಿಯೋ ಮಾಡುವವರ ಕೆಲಸ, ಊಟವಿಲ್ಲ ಅಷ್ಟೇ. ಆದರೆ ಬೆಳಗ್ಗೆ ಎದ್ದರೆ ಹೋಗಲು ಒಂದು ಜಾಗವಿತ್ತು. ಈ ದೇಶದಲ್ಲಿ ಆಗ ನನ್ನನ್ನು ಯಾರಾದರೂ ಕಾಯುತ್ತಿದ್ದರು ಎಂದರೆ ಅದು ಆರ್ಲೀನ್.

ಅವರು ಅಟ್ಲಾಂಟಾದವರು. ಕಪ್ಪು ಜನರ ಕಾಲೇಜೊಂದರಲ್ಲಿ ಓದುವಾಗ ಆ ರಾಜ್ಯದಲ್ಲೇ ಅವರಂಥ ಆಟಗಾರ್ತಿ ಇರಲಿಲ್ಲವಂತೆ. ಇದನ್ನು ಅವರು ಹೇಳಲಿಲ್ಲ, ಅವರ ಜೊತೆ ಆಡಿದವರು ಹೇಳುತ್ತಿದ್ದರು. ಗಂಡಸರಾದರೆ ಅಲ್ಲಿಂದ ಮುಂದೆ ದೊಡ್ಡ ಲೀಗು, ಜಾಹೀರಾತು, ಬಂಗಲೆ. ಹೆಂಗಸರಿಗೆ ಆಗ ಏನೂ ಇರಲಿಲ್ಲ. ಅವರು ಒಂದು ಸ್ಕೂಲಿನಲ್ಲಿ ಪಿ.ಟಿ. ಟೀಚರಾದರು, ಆಮೇಲೆ ಈ ಕಾಲೇಜಿಗೆ ಬಂದರು. ನಾನು ನೋಡುವ ಹೊತ್ತಿಗೆ ನಲವತ್ತಾರು ವಯಸ್ಸು, ಮದುವೆಯಿಲ್ಲ, ಎರಡೂ ಮಂಡಿ ಹಾಳು. ಜೋರಾಗಿ ಕೂಗುತ್ತಿರಲಿಲ್ಲ, ಕೂಗುವ ಕೋಚುಗಳನ್ನು ಕಂಡರೆ ಅವರಿಗೆ ಆಗುತ್ತಲೂ ಇರಲಿಲ್ಲ.

ಆ ವರ್ಷ ಹೆಂಗಸರಿಗೆ ಸಂಬಳ ಕೊಟ್ಟು ಆಡಿಸುವ ಲೀಗುಗಳು ಆಗತಾನೆ ಕಣ್ಣು ಬಿಡುತ್ತಿದ್ದವು. ಮಾರ್ಚಿನಲ್ಲಿ ಕಾಲೇಜು ಸೀಸನ್ ಮುಗಿದ ಮೇಲೆ ಆರ್ಲೀನ್ ಒಂದು ದಿನ ಟೇಪಿನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡರು. ವಾಷಿಂಗ್ಟನ್ ಪಕ್ಕದಲ್ಲಿ, ಮೇರಿಲ್ಯಾಂಡಿನಲ್ಲಿ, ಹೊಸ ತಂಡವೊಂದು ಏಳುತ್ತಿದೆ, ಅದರ ಮಾಲೀಕ ಕೋಚ್ ಹುಡುಕುತ್ತಿದ್ದಾನೆ, ನಮ್ಮ ತಂಡದ ಒಳ್ಳೆಯ ಆಟಗಳ ಒಂದು ಟೇಪು ಮಾಡಿಕೊಡು ಎಂದರು.

"ಯಾರಿಗೂ ಹೇಳ್ಬೇಡ," ಎಂದರು.

"ಗಂಡನಿಗೆ?"

"ಗಂಡನಿಗೆ ಹೇಳು. ಅವರು ಬಾಸ್ಕೆಟ್‌ಬಾಲ್ ಬಗ್ಗೆ ಏನೂ ಕೇಳಿಸಿಕೊಳ್ಳಲ್ಲ."

ನಿಜ, ಮೋಹನ ಕೇಳಿಸಿಕೊಳ್ಳಲಿಲ್ಲ. ಆದರೆ ಆ ಮಾರ್ಚಿನಲ್ಲಿ ನಮ್ಮ ಮನೆಯಲ್ಲಿ ಕಿವಿ ತೆರೆದಿಟ್ಟ ಇನ್ನೊಬ್ಬರಿದ್ದರು. ನಮ್ಮತ್ತೆ ಕಮಲಮ್ಮ ಆರು ತಿಂಗಳಿಗೆಂದು ಮೈಸೂರಿನಿಂದ ಬಂದಿದ್ದರು. ಅವರಿಗೆ ಅಮೆರಿಕದಲ್ಲಿ ನೋಡಬೇಕಾದದ್ದು ಏನೂ ಇರಲಿಲ್ಲ. ನಯಾಗರ ತೋರಿಸುತ್ತೇವೆಂದರೆ ಶಿವನಸಮುದ್ರ ನೋಡಿದ್ದೀನಿ ಎನ್ನುತ್ತಿದ್ದರು. ಅವರ ಆಸಕ್ತಿಯೆಲ್ಲ ಒಂದೇ, ಸಂಬಂಧ ಕುದುರಿಸುವುದು. ಅವರು ಕೈ ಹಾಕಿದ ಮದುವೆಗಳು ನಮ್ಮ ಬಳಗದಲ್ಲಿ ಎಷ್ಟೋ ಇವೆ, ಹೆಚ್ಚಿನವು ನಿಂತಿವೆ ಕೂಡ.

ಮಾಲೀಕ ಬಂದು ಆರ್ಲೀನರನ್ನು ನೋಡಬೇಕೆಂದ. ಆ ಊರಿನಲ್ಲಿ ಆರ್ಲೀನ್ ಯಾವ ಹೋಟೆಲಿಗೆ ಕಾಲಿಟ್ಟರೂ ಯಾರಾದರೂ ಗುರುತು ಹಿಡಿಯುತ್ತಾರೆ. ಹಾಗಾಗಿ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಸೇರಬಹುದೇ ಎಂದು ಕೇಳಿದರು. ನಾನು ಅತ್ತೆಗೆ ಹೇಳಿದ್ದು ಇಷ್ಟೇ, ನಮ್ಮ ಕೋಚನ್ನು ಬೇರೆ ಊರಿನವರು ಕೆಲಸಕ್ಕೆ ಕರೆಯೋಕೆ ಬರ್ತಿದ್ದಾರೆ.

"ಯಾವತ್ತು ಬರ್ತಾರೆ?"

"ಶನಿವಾರ ಸಾಯಂಕಾಲ."

"ಎಷ್ಟು ಜನ?"

"ಇಬ್ಬರು. ಆತ, ಆತನ ಲಾಯರ್ರು."

ಶನಿವಾರ ನಾನು ಹಾಲಿನಲ್ಲಿ ಕುರ್ಚಿ ಸರಿಮಾಡಿ ಅಡುಗೆಮನೆಗೆ ಹೋದರೆ ಉಪ್ಪಿಟ್ಟು, ಕೇಸರಿಬಾತು ಎರಡೂ ಸಿದ್ಧವಾಗಿದ್ದವು. ದ್ರಾಕ್ಷಿ ಗೋಡಂಬಿ ಮೇಲೆಯೇ ಕಾಣುವಂತೆ ಹರಡಿದ್ದರು.

ಮಾಲೀಕ ದೊಡ್ಡ ಹೊಟ್ಟೆಯ, ಸಣ್ಣ ದನಿಯ ಮನುಷ್ಯ. ಮೇರಿಲ್ಯಾಂಡಿನಲ್ಲಿ ಸೋಫಾ, ಮಂಚ ಮಾರುವ ಅಂಗಡಿಗಳು ಅವನವು. ಲಾಯರು ತಟ್ಟೆ ಮುಟ್ಟಲಿಲ್ಲ. ಮಾಲೀಕ ಕೇಸರಿಬಾತನ್ನು ಎರಡು ಸಲ ಹಾಕಿಸಿಕೊಂಡ. ಆರ್ಲೀನ್ ನೇರವಾಗಿ ಕೂತು, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟರು. ಸಾವಿರಾರು ಜನರ ಮುಂದೆ ಬೆವರದವರು ನಮ್ಮ ಹಾಲಿನಲ್ಲಿ ಮೂರು ಸಲ ಹಣೆ ಒರೆಸಿಕೊಂಡರು. ಅಡುಗೆಮನೆಯ ಬಾಗಿಲಲ್ಲಿ ನಿಂತ ಅತ್ತೆ ಮಾಲೀಕನ ಬೂಟು, ಉಂಗುರ, ಲೋಟ ಹಿಡಿಯುವ ರೀತಿ ಎಲ್ಲ ನೋಡಿದರು. ಹೊರಡುವಾಗ ಆತ, ವಾರದೊಳಗೆ ಫೋನ್ ಮಾಡಿ ತಿಳಿಸುತ್ತೇವೆ ಎಂದು ಕೈಕುಲುಕಿದ.

"ಏನಂದ್ರು?" ಎಂದರು ಅತ್ತೆ, ಬಾಗಿಲು ಹಾಕುತ್ತಿದ್ದ ಹಾಗೆ.

"ವಾರದಲ್ಲಿ ತಿಳಿಸ್ತಾರಂತೆ."

"ಊರಿಗೆ ಹೋಗಿ ಕಾಗದ ಬರೀತೀವಿ ಅಂದಂಗಾಯ್ತು! ಇದು ಆಗಲ್ಲ ಅಂತ್ಲೇ ಅರ್ಥ ಕಣೇ. ಪಾಪ, ಎಷ್ಟು ಅಚ್ಚುಕಟ್ಟಾಗಿ ಕೂತಿದ್ಲು." ತಟ್ಟೆಗಳನ್ನು ಎತ್ತಿಕೊಳ್ಳುತ್ತ, "ಅಲ್ಲಾ, ಅವನ ಬಗ್ಗೆ ನೀವು ಯಾರಾದ್ರೂ ವಿಚಾರಿಸಿದ್ರಾ?" ಎಂದು ಕೇಳಿದರು.

ವಿಚಾರಿಸುವುದು ಎಂದರೆ ಏನೆಂದು ನಮ್ಮವರಿಗೆ ಹೇಳಬೇಕಾಗಿಲ್ಲ. ಗಂಡಿನ ಕಡೆಯ ಊರಿನಲ್ಲಿ ನಮ್ಮವರು ಯಾರಿದ್ದಾರೆ ಎಂದು ಹುಡುಕಿ, ಮನೆತನ ಹೇಗೆ, ಸಾಲಸೋಲ ಇದೆಯಾ, ಕುಡಿತ ಇದೆಯಾ ಎಂದು ತಿಳಿದುಕೊಳ್ಳುವುದು. ಅದು ಗಂಡಿನವರ ಕಿವಿಗೆ ಬಿದ್ದರೂ ತಪ್ಪಿಲ್ಲ. ಮರ್ಯಾದಸ್ಥರು, ವಿಚಾರಿಸಿಯೇ ಕೊಡುತ್ತಾರೆ ಎಂದು ಒಂದು ಗೌರವವೇ ಬರುತ್ತದೆ. ಇಲ್ಲಿ ಅದೆಲ್ಲ ನಡೆಯಲ್ಲ ಅತ್ತೆ ಎಂದು ನಾನು ಪಾತ್ರೆ ತೊಳೆಯಲು ನಿಂತೆ.

ಅತ್ತೆಯ ಅಕ್ಕನ ಮಗ ಸತೀಶ ಇದೇ ಕೊಲಂಬಿಯಾದಲ್ಲಿದ್ದ. ಕಂಪ್ಯೂಟರ್ ಕೆಲಸ, ಭಾನುವಾರ ಹತ್ತಿರದ ಲ್ಯಾನ್‌ಹ್ಯಾಮ್ ದೇವಸ್ಥಾನದಲ್ಲಿ ಪ್ರಸಾದ ಬಡಿಸುವ ಸೇವೆ. ಅತ್ತೆ ಮಾರನೆಯ ಬೆಳಗ್ಗೆಯೇ ಅವನಿಗೆ ಫೋನ್ ಮಾಡಿದರು. ಸತೀಶ ದೇವಸ್ಥಾನದ ಸಾಲಿನಲ್ಲಿ ಕೇಳಿದ. ಅಲ್ಲಿ ಒಬ್ಬರು ಆ ಸೋಫಾ ಅಂಗಡಿಯವನ ಆಫೀಸಿನಲ್ಲೇ ಕಂಪ್ಯೂಟರ್ ನೋಡಿಕೊಳ್ಳುವವರು ಸಿಕ್ಕರು. ಆ ಪುಣ್ಯಾತ್ಮ ಸೋಮವಾರ ಆಫೀಸಿಗೆ ಹೋಗಿ, ಬಳಸು ಮಾತು ಯಾಕೆ ಎಂದು, ಎದುರಿಗಿದ್ದವರನ್ನು ನೇರವಾಗಿ ಕೇಳಿಬಿಟ್ಟ: ನಿಮ್ಮ ಬಾಸು ಕೆರೊಲಿನಾದಿಂದ ಆರ್ಲೀನ್ ಅನ್ನೋ ಕೋಚನ್ನು ತರ್ತಿದ್ದಾರಂತಲ್ಲ, ಮನುಷ್ಯ ಹೇಗೆ?

ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎನ್ನುತ್ತಾರೆ. ಇಲ್ಲಿ ಮಾತಿಗೆ ಎರಡು ದಿನ ಹಿಡಿಯಿತು. ಬುಧವಾರ ಬೆಳಗ್ಗೆ ಡರ್ಹಮ್‌ನ ರೇಡಿಯೋದಲ್ಲಿ, ಕಾಲೇಜಿನ ಕೋಚ್ ವೃತ್ತಿಪರ ತಂಡಕ್ಕೆ ಹೋಗುತ್ತಿದ್ದಾರೆ ಎಂದು ಬಂತು.

ಅದು ಏಪ್ರಿಲ್. ಕೆರೊಲಿನಾದಲ್ಲಿ ಆ ತಿಂಗಳು ಪೈನ್ ಮರಗಳ ಹಳದಿ ಹುಡಿ ಎಲ್ಲದರ ಮೇಲೂ ಕೂರುತ್ತದೆ, ಕಾರು, ಕಿಟಕಿ, ಅಂಚೆಪೆಟ್ಟಿಗೆ. ನಮ್ಮತ್ತೆ ಮೊದಲ ದಿನ ಅದನ್ನು ಅರಿಶಿನವೆಂದೇ ತಿಳಿದಿದ್ದರು. ಜಿಮ್ಮಿನ ನೆಲಕ್ಕೆ ಪಾಲಿಶ್ ಹಾಕಿ ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ. ನಾನು ಗೋಡೆ ಹಿಡಿದು ಟೇಪಿನ ಕೋಣೆಗೆ ಹೋಗಿ ಕೂತಿದ್ದೆ. ಟನೀಶಾ ಬಂದಳು. ನಮ್ಮ ತಂಡದಲ್ಲಿ ಚೆಂಡು ನಡೆಸುವ ಹುಡುಗಿ, ದಕ್ಷಿಣ ಕೆರೊಲಿನಾದ ಒಂದು ಹಳ್ಳಿಯವಳು. ಅಪ್ಪ ಅಮ್ಮ ಇಲ್ಲ, ಸಾಕಿದ್ದು ಅಜ್ಜಿ. ಪದವಿಗೆ ಇನ್ನೊಂದು ವರ್ಷವಿತ್ತು.

"ಮಿಸ್ ಸುಮತಿ, ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಕೋಚ್ ನಮ್ಮನೆಗೆ ಬಂದಿದ್ರು, ಗೊತ್ತಾ? ಅಜ್ಜಿ ಎದುರಿಗೆ ಕೂತು ಮಾತು ಕೊಟ್ಟಿದ್ರು. ನಿಮ್ಮ ಹುಡುಗೀನ ನನ್ನ ಕೈಗೆ ಕೊಡಿ, ಡಿಗ್ರಿ ತಗೊಳ್ಳೋ ತನಕ ನಾನು ಜೊತೇಲಿರ್ತೀನಿ, ತಗೊಳ್ಳೋದನ್ನ ಕಣ್ಣಾರೆ ನೋಡ್ತೀನಿ ಅಂತ. ಅದಕ್ಕೇ ಅಜ್ಜಿ ದೊಡ್ಡ ಕಾಲೇಜುಗಳಿಗೆಲ್ಲ ಬೇಡ ಅಂದಿದ್ದು."

ಈ ದೇಶದಲ್ಲಿ ಕಾಲೇಜು ತಂಡಕ್ಕೆ ಹುಡುಗಿಯರನ್ನು ಆರಿಸುವುದು ಹಾಗೆಯೇ. ಕೋಚುಗಳು ಮನೆಮನೆಗೆ ಹೋಗಿ, ಕೊಟ್ಟಿದ್ದನ್ನು ತಿಂದು, ಹಿರಿಯರ ಮುಂದೆ ಮಾತು ಕೊಟ್ಟು ಹುಡುಗಿಯನ್ನು ಕರೆದುಕೊಂಡು ಬರುತ್ತಾರೆ. ಕೊಟ್ಟ ಮಾತಿನಂತೆ ಎಲ್ಲರೂ ನಡೆದುಕೊಳ್ಳುತ್ತಾರೆಂದು ಯಾರೂ ನಂಬಿರುವುದಿಲ್ಲ. ಮಿಸ್ ಅಡೆಲ್ ಎಂಬ ಆ ಅಜ್ಜಿ ನಂಬಿದ್ದರು. ಟನೀಶಾ ಅಳಲಿಲ್ಲ. ಒಂದು ಚೆಂಡು ತೆಗೆದುಕೊಂಡು, ಆಡಲು ಜಾಗವಿಲ್ಲವೆಂದು ನೆನಪಾಗಿ, ಮತ್ತೆ ಇಟ್ಟು ಹೋದಳು.

ಸಾಯಂಕಾಲ ಆರ್ಲೀನ್ ನಮ್ಮ ಮನೆಗೆ ಬಂದರು. ಕಾಲೇಜಿನವರು ಶುಕ್ರವಾರದೊಳಗೆ ಇರುತ್ತೀರೋ ಹೋಗುತ್ತೀರೋ ಹೇಳಿ ಎಂದಿದ್ದರು. ಮಾಲೀಕನೂ ಫೋನ್ ಮಾಡಿದ್ದ: ಕೆಲಸ ನಿಮ್ಮದೇ, ಶುಕ್ರವಾರದೊಳಗೆ ತಿಳಿಸಿ, ಆದರೆ ನಿಮ್ಮ ಇಂಡಿಯನ್ ಸ್ನೇಹಿತರು ನನ್ನ ಆಫೀಸಿಗೇ ಬಂದು ನನ್ನ ನಡತೆ ವಿಚಾರಿಸುತ್ತಿದ್ದಾರಲ್ಲ, ಏನಿದು?

ನಾನು ಅತ್ತೆಯ ಮುಖ ನೋಡಿದೆ. ಅತ್ತೆ ಸೊಪ್ಪು ಬಿಡಿಸುತ್ತಿದ್ದರು. ವಿಷಯ ತಿಳಿಸಿದೆ.

"ಹ್ಞೂಂ, ನಾನೇ ಕೇಳಿಸ್ದೆ. ಅದ್ರಲ್ಲಿ ತಪ್ಪೇನು? ನಮ್ಮನೆ ಹುಡುಗಿ ಆಗಿದ್ರೆ ವಿಚಾರಿಸ್ದೆ ಕೊಡ್ತಿದ್ವಾ? ಹೇಳು ಅವಳಿಗೆ."

ಹೇಳಿದೆ, ಒಂದು ಮಾತೂ ಬಿಡದೆ. ಆರ್ಲೀನ್ ಸಿಟ್ಟಾಗುತ್ತಾರೆಂದು ಕಾದೆ. ಅವರು ಅತ್ತೆಯನ್ನು ಬಹಳ ಹೊತ್ತು ನೋಡಿ, "ಏನು ತಿಳೀತಂತೆ?" ಎಂದು ಕೇಳಿದರು.

ತಿಳಿದಿದ್ದನ್ನು ಅತ್ತೆ ಬೆರಳು ಮಡಿಸುತ್ತ ಹೇಳಿದರು, ನಾನು ಇಂಗ್ಲಿಷಿನಲ್ಲಿ ಒಪ್ಪಿಸಿದೆ. ಕುಡಿತವಿಲ್ಲ. ಹೆಂಡತಿ ಒಳ್ಳೆಯವಳು. ಮನುಷ್ಯ ಕೆಟ್ಟವನಲ್ಲ, ಆದರೆ ನಿಲ್ಲುವವನಲ್ಲ. ಒಂದು ಹೋಟೆಲು ತೆಗೆದು ಮುಚ್ಚಿದ, ಒಂದು ರೇಡಿಯೋ ಸ್ಟೇಷನ್ ಕೊಂಡು ಮಾರಿದ. "ಸೋಫಾ ಒಂದು ಬಿಟ್ಟು ಯಾವುದನ್ನೂ ಎರಡು ವರ್ಷಕ್ಕಿಂತ ಹೆಚ್ಚು ಇಟ್ಕೊಂಡಿಲ್ವಂತೆ. ಕೈಲಿರೋ ಕೆಲಸ ಬಿಟ್ಟು ಹೋಗೋ ಜಾಗ ಅಲ್ಲ ಅದು. ಬೇಡ ಅನ್ನು."

"ಎರಡು ವರ್ಷ," ಎಂದರು ಆರ್ಲೀನ್.

ಅವರ ದನಿಯಲ್ಲಿ ಹೆದರಿಕೆ ಇರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ ಹೇಳಿದರು: "ಕಾಲೇಜಿನ ಕೊನೇ ಆಟ ಮುಗಿದ ದಿನ ನನಗೆ ಇಪ್ಪತ್ತೆರಡು. ನನಗಿಂತ ಕೆಳಗೆ ಆಡ್ತಿದ್ದ ಹುಡುಗ್ರನ್ನ ನೋಡೋಕೆ ದೊಡ್ಡ ತಂಡಗಳೋರು ಕೋಟು ಹಾಕ್ಕೊಂಡು ಬಂದು ಕೂತಿದ್ರು. ನನ್ನನ್ನ ನೋಡೋಕೆ ಯಾರೂ ಬಂದಿರಲಿಲ್ಲ, ಸುಮತಿ. ಮೊನ್ನೆ ಶನಿವಾರ ಬಂದ್ರಲ್ಲ, ಅದೇ ಮೊದಲು."

ನಾನು ಇದನ್ನು ಅತ್ತೆಗೆ ಹೇಳಿದೆ. ಅತ್ತೆ ಸೊಪ್ಪಿನ ಬುಟ್ಟಿ ಪಕ್ಕಕ್ಕಿಟ್ಟು, ಆರ್ಲೀನರಿಗೆ ಊಟಕ್ಕೆ ತಟ್ಟೆ ಹಾಕಿದರು. ಬೇಡ ಎಂದು ಮತ್ತೆ ಹೇಳಲಿಲ್ಲ.

ಊಟ ಮಾಡುತ್ತ ಆರ್ಲೀನ್ ಒಂದು ನಿರ್ಧಾರ ಹೇಳಿದರು. ನಾಳೆ ದಕ್ಷಿಣ ಕೆರೊಲಿನಾಕ್ಕೆ ಹೋಗಿ ಮಿಸ್ ಅಡೆಲ್‌ರನ್ನು ನೋಡುತ್ತೇನೆ. ಕೊಟ್ಟ ಮಾತನ್ನು ಅವರಾಗಿಯೇ ಬಿಟ್ಟುಕೊಟ್ಟರೆ ಹೋಗುತ್ತೇನೆ. ಮಂಡಿ ನೋವಿನಲ್ಲಿ ಅಷ್ಟು ದೂರ ಡ್ರೈವ್ ಮಾಡಲಾಗದು, ಬರುತ್ತೀಯಾ ಎಂದು ನನ್ನನ್ನು ಕೇಳಿದರು. ಅತ್ತೆಯನ್ನು ಮನೆಯಲ್ಲಿ ಒಬ್ಬರನ್ನೇ ಬಿಡುವ ಹಾಗಿರಲಿಲ್ಲ. ಬಿಟ್ಟರೂ ಅವರು ಇರುವವರಲ್ಲ.

ಹೀಗೆ ಗುರುವಾರ ಮೂವರು ಹೆಂಗಸರು ಹೊರಟೆವು. ನಾನು ಸ್ಟಿಯರಿಂಗಿನಲ್ಲಿ, ಪಕ್ಕದಲ್ಲಿ ಕಾಲು ಚಾಚಿಕೊಂಡು ಆರ್ಲೀನ್, ಹಿಂದೆ ಮೊಸರನ್ನದ ಡಬ್ಬಿಯೊಂದಿಗೆ ಅತ್ತೆ. ರಸ್ತೆಯ ಎರಡೂ ಬದಿಗೆ ಪೈನ್ ಮರಗಳು, ಹುಡಿ ಎಷ್ಟಿತ್ತೆಂದರೆ ವೈಪರ್ ಹಾಕಿಕೊಂಡೇ ಹೋದೆ. ಅತ್ತೆ ಒಂದು ಸಲ, "ಅಜ್ಜಿ ಹ್ಞೂಂ ಅಂತಾರೆ ಅನ್ಸುತ್ತಾ?" ಎಂದರು. ಅನ್ನದೆ ಏನು ಎಂದೆ ನಾನು. ನನಗೆ ನಿಜವಾಗಿ ಹಾಗೇ ಅನ್ನಿಸಿತ್ತು. ದೊಡ್ಡವರ ಬಳಿ ಹೋಗಿ ತಲೆ ತಗ್ಗಿಸಿ ಕೇಳಿದರೆ ಆಶೀರ್ವಾದ ಸಿಗುತ್ತದೆ ಎಂದು ನಂಬಿ ಬೆಳೆದವಳು ನಾನು.

ಮಿಸ್ ಅಡೆಲ್ ಅವರದು ಹೆದ್ದಾರಿಯಿಂದ ಒಳಗೆ, ಸಣ್ಣ ಮರದ ಮನೆ. ಬಾಗಿಲಲ್ಲೇ ನಿಂತಿದ್ದರು. ತೆಳ್ಳಗೆ, ಇಸ್ತ್ರಿ ಮಾಡಿದ ಬಟ್ಟೆ; ಅಷ್ಟು ವಯಸ್ಸಾದವರಲ್ಲಿ ಅಷ್ಟು ನೆಟ್ಟಗೆ ನಿಲ್ಲುವವರನ್ನು ನಾನು ಕಂಡಿರಲಿಲ್ಲ. ಅತ್ತೆಯ ಸೀರೆ ನೋಡಿ ತಲೆಯಾಡಿಸಿ, ಒಳ್ಳೆಯ ಕುರ್ಚಿಯನ್ನು ಅವರಿಗೇ ಕೊಟ್ಟರು. ಅಡುಗೆಮನೆಯ ಮೇಜಿನ ಮೇಲೆ ಗೆಣಸಿನ ಪೈ ಕತ್ತರಿಸಿಟ್ಟಿತ್ತು. ಆರ್ಲೀನರ ಮುಂದೆಯೂ ಒಂದು ತುಂಡು ಇಟ್ಟರು.

ಆರ್ಲೀನ್ ಪೀಠಿಕೆ ಹಾಕಲಿಲ್ಲ. ಮೇರಿಲ್ಯಾಂಡಿನ ಕೆಲಸದ ಬಗ್ಗೆ ಹೇಳಿದರು. ತಮ್ಮ ವಯಸ್ಸಿನ ಬಗ್ಗೆ, ಇನ್ನೊಮ್ಮೆ ಯಾರೂ ಕರೆಯುವುದಿಲ್ಲ ಎಂಬುದರ ಬಗ್ಗೆ. ಟನೀಶಾಳನ್ನು ಹೊಸ ಕೋಚಿಗೆ ಒಪ್ಪಿಸಿ ಹೋಗುತ್ತೇನೆ, ವಾರಕ್ಕೊಮ್ಮೆ ಫೋನ್ ಮಾಡುತ್ತೇನೆ ಎಂದರು.

"ಇಲ್ಲೇ ಕೂತು ಒಂದು ಮಾತು ಕೊಟ್ಟಿದ್ದೆ. ಅದನ್ನ ನೀವು ನನಗೆ ವಾಪಸ್ ಕೊಡ್ತೀರಾ ಅಂತ ಕೇಳೋಕೆ ಬಂದೆ, ಮ್ಯಾಮ್."

ಮಿಸ್ ಅಡೆಲ್ ಎದ್ದು ಲೋಟಗಳಿಗೆ ಇನ್ನಷ್ಟು ಐಸ್ ಟೀ ಹಾಕಿದರು. ಮತ್ತೆ ಕೂತರು.

"ಇಲ್ಲ," ಎಂದರು.

ಆರ್ಲೀನ್ ಕಾದರು.

"ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ನಿನ್ನ ಜಾಗದಲ್ಲಿದ್ರೆ ನಾನೂ ಹೋಗ್ತಿದ್ದೆ, ಯಾರನ್ನೂ ಕೇಳದೇನೇ. ಹೋಗೋದಾದ್ರೆ ಹೋಗು. ಆದ್ರೆ ಪರವಾಗಿಲ್ಲ ಅಂತ ನನ್ನ ಬಾಯಲ್ಲಿ ಹೇಳಿಸ್ಬೇಡ. ಪರವಾಗಿಲ್ಲ ಅನ್ನೋ ವಿಷಯ ಅಲ್ಲ ಇದು. ನಾನು ಅವಳನ್ನ ಕಾಲೇಜಿಗೆ ಕಳಿಸ್ಲಿಲ್ಲ, ನಿನ್ನ ಜೊತೆ ಕಳಿಸ್ದೆ."

ಹೊರಗೆ ಯಾರದೋ ಹುಲ್ಲು ಕತ್ತರಿಸುವ ಯಂತ್ರ ಓಡುತ್ತಿತ್ತು. ಅತ್ತೆ ನನ್ನ ಕೈ ಮುಟ್ಟಿ, "ಏನಂದ್ರು?" ಎಂದು ಪಿಸುಗುಟ್ಟಿದರು.

"ಆಗಲ್ಲ ಅಂದ್ರು."

ಅತ್ತೆ ಮಿಸ್ ಅಡೆಲ್‌ರನ್ನು ನೋಡಿದರು. "ಸರಿಯಾಗೇ ಅಂದಿದ್ದಾರೆ," ಎಂದರು. ಆದರೆ ಹಾಗೆನ್ನುವಾಗ ಅವರ ಕಣ್ಣು ಆರ್ಲೀನರ ಮೇಲಿತ್ತು, ಆ ಕಣ್ಣಿನಲ್ಲಿ ನೀರಿತ್ತು. ಮದುವೆ ಮಾತುಕತೆಗಳು ಮುರಿದುಬಿದ್ದಾಗಲೂ ನಾನು ಅವರನ್ನು ಹಾಗೆ ಕಂಡಿದ್ದಿಲ್ಲ.

ಪೈ ಎಲ್ಲರೂ ತಿಂದೆವು. ಬಿಟ್ಟು ಏಳುವುದು ಅವಮಾನವಾಗುತ್ತಿತ್ತು. ಮಿಸ್ ಅಡೆಲ್ ಕಾರಿನ ತನಕ ಬಂದು ಬೀಳ್ಕೊಟ್ಟರು, ರಸ್ತೆಯಲ್ಲಿ ಪೊಲೀಸರು ನಿಂತಿರುತ್ತಾರೆ, ನಿಧಾನ ಹೋಗು ಎಂದು ನನಗೆ ಹೇಳಿದರು.

ವಾಪಸು ಬರುವಾಗ ಒಂದು ಪೆಟ್ರೋಲ್ ಬಂಕ್ ಕಂಡಾಗ ಆರ್ಲೀನ್ ನಿಲ್ಲಿಸಲು ಹೇಳಿದರು. ಇಳಿದು ಗೋಡೆಗೆ ಹಾಕಿದ್ದ ಪೇಫೋನಿನ ಬಳಿ ಕುಂಟುತ್ತ ಹೋದರು. ಹಳದಿ ಗಾಜಿನ ಮೂಲಕ ಅವರ ಬೆನ್ನು ಮಾತ್ರ ಕಾಣುತ್ತಿತ್ತು. ಮಾತು ಬೇಗ ಮುಗಿಯಿತು. ಮುಗಿದ ಮೇಲೂ ಫೋನಿನ ಮೇಲೆ ಕೈಯಿಟ್ಟು ಅಲ್ಲೇ ನಿಂತರು.

"ಯಾರಿಗೆ ಫೋನು?" ಎಂದರು ಅತ್ತೆ.

"ಮೇರಿಲ್ಯಾಂಡಿಗೆ ಇರ್ಬೇಕು."

"ಒಪ್ಕೊಂಡ್ಲಾ?"

"ಹಾಗೇ ಕಾಣುತ್ತೆ."

"ಹೋಗೋಳೇ ಆಗಿದ್ರೆ ಇಷ್ಟು ದೂರ ಬಂದು ಕೇಳಿದ್ಯಾಕೆ?"

ನನಗೆ ಆರ್ಲೀನರ ಮೇಲೆ ಸಿಟ್ಟು ಬಂದಿತ್ತು. ಅವರು ಒಪ್ಪಿಕೊಂಡದ್ದಕ್ಕೆ ಸಂತೋಷವೂ ಆಗಿತ್ತು. ಎರಡೂ ಒಟ್ಟಿಗೆ ಇದ್ದವು, ಒಂದು ಇನ್ನೊಂದನ್ನು ಕಡಿಮೆ ಮಾಡಲಿಲ್ಲ. ಇನ್ನು ಬೆಳಗ್ಗೆ ಎದ್ದರೆ ಎಲ್ಲಿಗೆ ಹೋಗುವುದು ಎಂಬ ನನ್ನ ಸ್ವಂತ ದುಃಖವೂ ಅದರಲ್ಲಿ ಸೇರಿತ್ತು. ಆರ್ಲೀನ್ ಬಂದು ಕೂತು ಸೀಟ್‌ಬೆಲ್ಟ್ ಹಾಕಿಕೊಂಡರು. ಅತ್ತೆ ಹಿಂದಿನಿಂದ ಅವರಿಗೆ ಮೊಸರನ್ನದ ಡಬ್ಬಿ ಕೊಟ್ಟರು. ಚಮಚ ಮರೆತು ಬಂದಿದ್ದೆವು. ಆರ್ಲೀನ್ ಕೈಯಲ್ಲೇ ತಿಂದರು, ಅತ್ತೆ ನಮ್ಮ ಮನೆಯಲ್ಲಿ ತಿನ್ನುವುದನ್ನು ನೋಡಿ ಕಲಿತ ಹಾಗೆ.

ಮೇ ತಿಂಗಳಲ್ಲಿ ಅವರು ಹೋದರು. ತಂಡಕ್ಕೆ ಹೊಸ ಕೋಚ್ ಬಂದ, ಗಂಡಸು, ಕೂಗುವವನು. ಟೇಪು ಕತ್ತರಿಸಲು ತನ್ನವನೇ ಒಬ್ಬನನ್ನು ಕರೆತಂದಿದ್ದ. ನಾನು ಒಂದು ತಿಂಗಳು ಹೋಗಿ, ಊಟಕ್ಕಿಲ್ಲದ ಉಪ್ಪಿನಕಾಯಿ ಎನಿಸಿ ಬಿಟ್ಟೆ. ಟನೀಶಾ ಬೇರೆ ಕಾಲೇಜಿಗೆ ಹೋಗಬಹುದಿತ್ತು. ಹೋದರೆ ಒಂದು ವರ್ಷ ಆಡದೆ ಕೂರಬೇಕೆಂಬ ನಿಯಮವಿತ್ತು. ಉಳಿದಳು. ಆ ವರ್ಷದ ಬಹುಪಾಲನ್ನು ಬೆಂಚಿನ ಮೇಲೆ ಕಳೆದಳು, ಪರೀಕ್ಷೆಗಳಲ್ಲಿ ಮಾತ್ರ ಹಿಂದೆಂದಿಗಿಂತ ಚೆನ್ನಾಗಿ ಮಾಡಿದಳು. ಆರ್ಲೀನ್ ಪ್ರತಿ ವಾರವೂ ಫೋನ್ ಮಾಡಿದರು. ಟನೀಶಾ ಒಂದು ವಾರವೂ ಎತ್ತಲಿಲ್ಲ ಎಂದು ಅವಳ ರೂಮಿನ ಹುಡುಗಿ ನನಗೆ ಹೇಳಿದಳು.

ಡಿಸೆಂಬರಿನಲ್ಲಿ ಮೋಹನ ಮತ್ತು ನಾನು ಲ್ಯಾನ್‌ಹ್ಯಾಮ್ ದೇವಸ್ಥಾನಕ್ಕೆ ಬಂದವರು ಹಾಗೆಯೇ ಹೋಗಿ ಆರ್ಲೀನರ ತಂಡದ ಒಂದು ಆಟ ನೋಡಿದೆವು. ಕುರ್ಚಿಗಳು ಅರ್ಧ ಖಾಲಿ. ಆರ್ಲೀನ್ ಬೂದು ಬಣ್ಣದ ಕೋಟು ಹಾಕಿಕೊಂಡು ಅಂಚಿನಲ್ಲಿ ನಿಂತಿದ್ದರು, ಎರಡು ಗಂಟೆ ಕೂರಲೇ ಇಲ್ಲ. ಅವರ ತಂಡ ಸೋತಿತು. ಅವರು ಸಂತೋಷವಾಗಿದ್ದರು. ಇದನ್ನು ಬೇರೆ ಹೇಗೂ ಹೇಳಲಾರೆ. ಮಂಡಿ ನೋವಿರುವ ಹೆಂಗಸು ನಡೆಯುವ ಹಾಗೆ ಅವರು ನಡೆಯುತ್ತಿರಲಿಲ್ಲ. ಅತ್ತೆಯ ವಿಚಾರಣೆ ತಪ್ಪಾಗಲಿಲ್ಲ. ಮುಂದಿನ ವರ್ಷದ ಚಳಿಗಾಲದಲ್ಲಿ ಆ ತಂಡವೂ ಆ ಲೀಗೂ ಎರಡೂ ಮುಚ್ಚಿದವು. ಮೈಸೂರಿಗೆ ಫೋನ್ ಮಾಡಿ ಹೇಳಿದಾಗ ಅತ್ತೆ, ನಾನು ಹೇಳಿರಲಿಲ್ವಾ ಎನ್ನಲಿಲ್ಲ. "ಈಗ ಊಟಕ್ಕೇನು ಮಾಡ್ತಾಳೆ?" ಎಂದು ಮಾತ್ರ ಕೇಳಿದರು. ಆರ್ಲೀನ್ ಅಟ್ಲಾಂಟಾಕ್ಕೆ ಹೋಗಿ ಮತ್ತೆ ಸ್ಕೂಲಿನಲ್ಲಿ ಪಾಠ ಮಾಡಿದರು.

ಆದರೆ ಅದು ಆಮೇಲಿನ ಮಾತು. ಅದಕ್ಕೆ ಮೊದಲು, ಅವರಿನ್ನೂ ಮೇರಿಲ್ಯಾಂಡಿನಲ್ಲಿದ್ದಾಗ, ಅವರು ಹೋದ ಮರುವರ್ಷದ ಮೇ ತಿಂಗಳಲ್ಲಿ ಟನೀಶಾಳ ಪದವಿ ಪ್ರದಾನವಾಯಿತು. ಕಾಲೇಜಿನ ಹುಲ್ಲಿನ ಮೇಲೆ ಬಿಳಿ ಕುರ್ಚಿ ಹಾಕಿದ್ದರು, ಬೆಳಗ್ಗೆಯೇ ಬಿಸಿಲು ಸುಡುತ್ತಿತ್ತು. ಟನೀಶಾ ನನ್ನನ್ನು ಕರೆದಿದ್ದಳು. ನಾನು ಮಿಸ್ ಅಡೆಲ್ ಪಕ್ಕ ಕೂತಿದ್ದೆ. ಹೆಸರುಗಳನ್ನು ಓದಲು ಶುರುಮಾಡಿದಾಗ ತಿರುಗಿ ನೋಡಿದೆ. ಕೊನೆಯ ಸಾಲಿನ ಹಿಂದೆ, ಮರದ ಕೆಳಗೆ ಆರ್ಲೀನ್ ನಿಂತಿದ್ದರು. ಅವರನ್ನು ಯಾರೂ ಕರೆದಿರಲಿಲ್ಲ. ಮಿಸ್ ಅಡೆಲ್ ಕೂಡ ತಿರುಗಿ ನೋಡಿದರು, ಮತ್ತೆ ಮುಂದಕ್ಕೆ ನೋಡಿದರು. ಟನೀಶಾಳ ಹೆಸರು ಬಂತು. ಮಿಸ್ ಅಡೆಲ್ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಮ್ಮ ಹಿಂದೆ, ಬಹಳ ದೂರದಲ್ಲಿ, ಇನ್ನೊಂದು ಜೋಡಿ ಕೈಯ ಚಪ್ಪಾಳೆ ಕೇಳಿಸಿತು.

ಎಲ್ಲ ಮುಗಿದ ಮೇಲೆ ಆರ್ಲೀನ್ ಹತ್ತಿರ ಬಂದರು. ಟನೀಶಾ ಕಪ್ಪು ಗೌನಿನಲ್ಲಿ ಅಜ್ಜಿಯ ತೋಳು ಹಿಡಿದು ನಿಂತಿದ್ದಳು. ನಾನು ಫೋಟೋ ತೆಗೆಯಲು ಮಿಸ್ ಅಡೆಲ್ ಅವರ ಕ್ಯಾಮೆರಾಕ್ಕೆ ಕೈ ಚಾಚಿದೆ. ಅವರು ನನಗೆ ಕೊಡಲಿಲ್ಲ.

"ಅವಳು ತೆಗೀಲಿ," ಎಂದು ಆರ್ಲೀನರ ಕೈಗೆ ಕೊಟ್ಟರು. "ಡಿಗ್ರಿ ತಗೊಳ್ಳೋದನ್ನ ನೋಡ್ತೀನಿ ಅಂದಿದ್ಲು. ನೋಡ್ಲಿ."

ಆರ್ಲೀನ್ ಎರಡು ಹೆಜ್ಜೆ ಹಿಂದೆ ಸರಿದು ಕ್ಯಾಮೆರಾ ಕಣ್ಣಿಗಿಟ್ಟುಕೊಂಡರು. ಒಂದು ತೆಗೆದರು. ಇನ್ನೊಂದು ತೆಗೆದರು. ಟನೀಶಾ ಮೊದಲು ಬೇರೆ ಕಡೆ ನೋಡುತ್ತಿದ್ದಳು, ಆಮೇಲೆ ನೇರವಾಗಿ ನೋಡಿದಳು. ಮತ್ತೆ ಒಂದು, ಮತ್ತೊಂದು. ರೀಲು ಮುಗಿದು ಕ್ಯಾಮೆರಾ ಗರ್ರೆಂದು ತಾನೇ ಹಿಂದಕ್ಕೆ ಸುತ್ತಿಕೊಂಡಿತು. ಅದು ನಮಗೆಲ್ಲ ಕೇಳಿಸಿತು. ಆರ್ಲೀನ್ ಕ್ಯಾಮೆರಾವನ್ನು ಕಣ್ಣಿನಿಂದ ಇಳಿಸಲಿಲ್ಲ, ಅವರಿಬ್ಬರೂ ಅಲ್ಲಾಡದೆ ಹಾಗೆಯೇ ನಿಂತರು.